ಬ್ರೌಸರಿನಲ್ಲಿ ತಿರುಗುವ ಚಿತ್ರಗಳು

ಪಾಠಪುಸ್ತಕದಲ್ಲಿ ಅಚ್ಚಾದ ಹೃದಯದ ಚಿತ್ರವು ತನ್ನ ಒಂದೇ ಮುಖವನ್ನು ತೋರಿಸುವುದು. ಈಗಲಾದರೋ ಹುಡುಗಿಯರು ಮೊಬೈಲಿನ ಪರದೆಯ ಮೇಲೆ ಬೆರಳಾಡಿಸಿ ಅದೇ ಹೃದಯವನ್ನು ಎಲ್ಲ ಕಡೆಗೂ ತಿರುಗಿಸಿ ನೋಡಬಲ್ಲರು. ಬೇರೆ ಯಾವ ತಂತ್ರಾಂಶವನ್ನೂ ಹಾಕಿಕೊಳ್ಳದೆ ಬ್ರೌಸರಿನಲ್ಲಿಯೇ ಇದು ಹೇಗೆ ಸಾಧ್ಯವಾಯಿತೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ತಾಯಿತಂದೆಗಳೂ ಅರಿತಿರುವುದು ಪ್ರಯೋಜನಕರವೆಂದು ಭಾವಿಸಿ ಈ ಪಾಠವನ್ನು ಬರೆದಿದ್ದೇವೆ.

ಮೊದಲು ಚಿತ್ರದ ರಚನೆಯನ್ನು ವಿಚಾರಿಸೋಣ. ಇಂಥ ವಸ್ತುವಿನ ಮೇಲ್ಮೈಯು ಸಣ್ಣ ಸಣ್ಣ ತ್ರಿಕೋಣಗಳಿಂದ ಕೂಡಿದೆ. ತ್ರಿಕೋಣದ ಒಂದೊಂದು ಮೂಲೆಗೂ ಅದರ ಸ್ಥಾನವನ್ನು ಸೂಚಿಸುವ ಮೂರು ಸಂಖ್ಯೆಗಳುಂಟು. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದಕ್ಕೆಂದೇ ಜಿ.ಪಿ.ಯು. ಎಂಬ ಭಾಗವಿದೆ. ಅದರಲ್ಲಿ ಶೇಡರುಗಳೆಂಬ ಎರಡು ಕಿರು ಪ್ರೋಗ್ರಾಮುಗಳು ನಡೆಯುವುವು. ಮೊದಲನೆಯದು ಪ್ರತಿಯೊಂದು ಮೂಲೆಯೂ ಚಪ್ಪಟೆಯಾದ ಪರದೆಯ ಮೇಲೆ ಎಲ್ಲಿ ಬೀಳತಕ್ಕದ್ದೆಂದು ಗಣಿಸುವುದು. ಎರಡನೆಯದು ಪ್ರತಿಯೊಂದು ಚುಕ್ಕೆಯ ಬಣ್ಣವನ್ನು ಗೊತ್ತುಮಾಡುವುದು. ರೈಲುಹಳಿಗಳು ದೂರದಲ್ಲಿ ಕೂಡಿದಂತೆ ತೋರುವ ನಿಯಮವೇ ಇಲ್ಲಿಯೂ ಇದೆ. ಚಲನೆಯು ನಯವಾಗಿ ಕಾಣಬೇಕಾದರೆ ಸೆಕೆಂಡಿಗೆ ಸುಮಾರು ೬೦ ಸಲ ಚಿತ್ರವನ್ನು ಹೊಸದಾಗಿ ಬರೆಯಬೇಕು. ಎಂದರೆ ಒಂದು ಚಿತ್ರಕ್ಕೆ ದೊರೆಯುವ ಕಾಲವು ೧೭ ಮಿಲಿಸೆಕೆಂಡಿಗಿಂತಲೂ ಕಡಿಮೆ.

ಪೂರ್ವದಲ್ಲಿ ಬ್ರೌಸರಿಗೆ ಈ ಜಿ.ಪಿ.ಯು.ವಿನ ಸಂಪರ್ಕವಿರಲಿಲ್ಲ. ಮೂರು ಆಯಾಮದ ದೃಶ್ಯಗಳಿಗಾಗಿ ಏರ್ಪಟ್ಟ ವಿ.ಆರ್.ಎಂ.ಎಲ್. ಎಂಬ ಭಾಷೆಯು ೧೯೯೭ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತಾದರೂ, ಅದನ್ನು ನೋಡಲು ಪ್ಲಗಿನ್ ಎಂಬ ಪ್ರತ್ಯೇಕ ಜೋಡಣೆಯು ಬೇಕಾಗಿತ್ತು. ಮುಂದೆ ಬಂದ ಫ್ಲ್ಯಾಶಿನ ಸ್ಥಿತಿಯೂ ಅದೇ. ಪ್ಲಗಿನ್ನುಗಳ ಮೂಲಕ ಕಂಪ್ಯೂಟರಿಗೆ ಅಪಾಯ ಒದಗುತ್ತಿದ್ದುದರಿಂದ ಬ್ರೌಸರುಗಳು ಅವುಗಳನ್ನು ಒಂದೊಂದಾಗಿ ಕೈಬಿಟ್ಟವು. ೨೦೨೦ನೆಯ ಡಿಸೆಂಬರ್ ೩೧ಕ್ಕೆ ಫ್ಲ್ಯಾಶ್ ಕೊನೆಗೊಂಡಿತು. ಅದನ್ನೇ ನಂಬಿ ರಚಿಸಿದ್ದ ಎಷ್ಟೋ ಪಾಠಗಳು, ತಮ್ಮಲ್ಲಿ ಯಾವ ದೋಷವೂ ಇಲ್ಲದಿದ್ದರೂ, ಬೀಗದ ಕೈ ಕಳೆದ ಪೆಟ್ಟಿಗೆಗಳಂತಾದವು.

ಇದಕ್ಕೆ ಪರಿಹಾರವು ಮತ್ತೊಂದು ದಾರಿಯಿಂದ ಬಂದಿತು. ಮೊಜಿಲ್ಲಾ ಸಂಸ್ಥೆಯಲ್ಲಿದ್ದ ವ್ಲಾದಿಮಿರ್ ವುಕಿಚೆವಿಚ್ ಎಂಬವರು ೨೦೦೬ರಲ್ಲಿ ಬ್ರೌಸರಿನೊಳಗೇ ಇಂಥ ಚಿತ್ರ ಬರೆಯುವ ಪ್ರಯೋಗವನ್ನು ತೋರಿಸಿದರು. ಅದರಿಂದ ಬೆಳೆದ ವೆಬ್‌ಜಿಎಲ್ ಎಂಬ ನಿಯಮಾವಳಿಯನ್ನು ಕ್ರೋನೋಸ್ ಎಂಬ ಒಕ್ಕೂಟವು ೨೦೧೧ರ ಮಾರ್ಚಿನಲ್ಲಿ ಪ್ರಕಟಿಸಿತು. ಇದು ಒಬ್ಬರ ಸೊತ್ತಲ್ಲ. ಯಾವ ಬ್ರೌಸರಿನವರಾದರೂ ಅನುಸರಿಸಬಹುದಾದ ಬಹಿರಂಗ ಒಪ್ಪಂದ. ಅಪರಿಚಿತ ಪುಟದ ಅಪ್ಪಣೆಗಳು ನೇರವಾಗಿ ಜಿ.ಪಿ.ಯು.ವನ್ನು ಸೇರದೆ, ಬ್ರೌಸರಿನ ಪರೀಕ್ಷೆಗೆ ಒಳಪಟ್ಟೇ ಮುಂದೆ ಹೋಗುವುವು. ರಿಕಾರ್ಡೋ ಕಬೆಲ್ಲೋ ಎಂಬವರು ೨೦೧೦ರಲ್ಲಿ ಹೊರತಂದ ತ್ರೀ.ಜೆಎಸ್ ಎಂಬ ಸಂಗ್ರಹದಿಂದ ಈ ಕೆಲಸವು ಕಲಿಯುವವರಿಗೆ ಬಹಳ ಸುಲಭವಾಯಿತು. ಸಿ ಮೊದಲಾದ ಭಾಷೆಗಳಲ್ಲಿ ಬರೆದ ಪ್ರೋಗ್ರಾಮುಗಳನ್ನು ಬ್ರೌಸರಿಗೆ ತರುವ ವೆಬ್‌ಅಸೆಂಬ್ಲಿಯು ೨೦೧೯ರಲ್ಲಿ ಮಾನಕವಾಯಿತು.

ಇಂಥ ಪಾಠಗಳನ್ನು ರಚಿಸುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಮೂರು ಸಂಗತಿಗಳನ್ನು ಗಮನಿಸತಕ್ಕದ್ದು. ಒಂದನೆಯದು, ತ್ರಿಕೋಣಗಳನ್ನೂ ಚಿತ್ರಗಳ ಗಾತ್ರವನ್ನೂ ಮಿತವಾಗಿಟ್ಟು, ಅಗ್ಗದ ಮೊಬೈಲಿನಲ್ಲಿಯೇ ಪರೀಕ್ಷಿಸಬೇಕು. ಎರಡನೆಯದು, ಕಡತವನ್ನು ನೇರವಾಗಿ ತೆರೆದರೆ ಬ್ರೌಸರು ಮೇಲ್ಮೈಯ ಚಿತ್ರಗಳನ್ನು ತಡೆಯುವುದುಂಟು. ತಮ್ಮ ಕಂಪ್ಯೂಟರಿನಲ್ಲಿಯೇ ಚಿಕ್ಕ ಸರ್ವರನ್ನು ನಡೆಸಿ ಅದರ ಮೂಲಕ ತೆರೆಯಬೇಕು. ಮೂರನೆಯದು, ಸ್ಮರಣೆಯು ಸಾಲದೆ ಚಿತ್ರವು ನಡುವೆಯೇ ಅಳಿದುಹೋಗಬಹುದಾದ ಕಾರಣ, ಅದರ ಸ್ಥಳದಲ್ಲಿ ತೋರಲು ಸಾಧಾರಣ ಚಿತ್ರವೊಂದನ್ನು ಸಿದ್ಧವಾಗಿಟ್ಟಿರಬೇಕು.

ತಾಯಿತಂದೆಗಳಾದರೋ ಹಣ ಕೊಟ್ಟು ಪಾಠಗಳನ್ನು ಕೊಳ್ಳುವ ಮೊದಲು, ಇದು ಎಲ್ಲ ಬ್ರೌಸರುಗಳಲ್ಲಿಯೂ ತಾನಾಗಿ ತೆರೆಯುವುದೋ, ಇಲ್ಲವೆ ಒಬ್ಬರದೇ ಜೋಡಣೆಯನ್ನು ಅವಲಂಬಿಸಿದೆಯೋ ಎಂದು ವಿಚಾರಿಸಬೇಕು. ಬಹುಜನರ ಒಪ್ಪಂದದ ಮೇಲೆ ಕಟ್ಟಿದ ವಿದ್ಯಾಸಾಧನವು ಬಡವರ ಮನೆಯನ್ನೂ ಸೇರುವುದು, ಬಹುಕಾಲ ಬಾಳುವುದು. ಹೃದಯವನ್ನು ಪರದೆಯ ಮೇಲೆ ತಿರುಗಿಸಿ ನೋಡಿದ ಹುಡುಗಿಯು ಅದನ್ನು ತನ್ನ ಕೈಯಿಂದಲೇ ಕಾಗದದ ಮೇಲೆ ಬರೆದು ಹೆಸರುಗಳನ್ನು ಗುರುತಿಸುವಂತೆ ಮಾಡಿದರೆ, ನೋಡಿದ್ದು ಅವಳ ಮನಸ್ಸಿನಲ್ಲಿ ನಿಲ್ಲುವುದು.