ದೋಷ ಗೀಸರಿನದೋ, ವೋಲ್ಟೇಜಿನದೋ?

ಬನ್ನೂರಿನ ಓದುಗರೊಬ್ಬರ ಪ್ರಶ್ನೆ: ನಮ್ಮ ಗೀಸರಿನ ಮೇಲೆ 230 ವೋಲ್ಟ್, 2000 ವ್ಯಾಟ್ ಎಂದಿದೆ. ಸಂಜೆ ನೀರು ಬೇಗ ಕಾಯುವುದಿಲ್ಲ. ಆಗ ಪ್ಲಗ್ಗಿನಲ್ಲಿ ಅಳೆದರೆ 190 ವೋಲ್ಟ್, 7.2 ಆಂಪಿಯರ್. ಕಾಯಿಲ್ ಬದಲಿಸಬೇಕೇ?

ಉತ್ತರ: ಮಾನ್ಯರೆ, ಬೇಡ. ವೋಲ್ಟೇಜನ್ನು ಪ್ರವಾಹದಿಂದ ಭಾಗಿಸಿದರೆ ರೋಧವು ದೊರೆಯುವುದಷ್ಟೆ. ತಾವು ಕೊಟ್ಟ ಅಂಕಿಗಳಿಂದ ಬರುವ ಸುಮಾರು 26.4 ಓಮ್, 230 ವೋಲ್ಟಿನಲ್ಲಿ 2000 ವ್ಯಾಟ್ ಕೊಡುವ ಕಾಯಿಲಿಗೆ ಇರತಕ್ಕ ರೋಧವೇ ಆದುದರಿಂದ, ಅದು ನಿರ್ದೋಷಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ತಾವು ಅಳೆದ ವೋಲ್ಟೇಜು, ಪ್ರವಾಹಗಳೆರಡನ್ನೂ ಗುಣಿಸಿದಾಗ ದೊರೆಯುವ ಸಾಮರ್ಥ್ಯ 1368 ವ್ಯಾಟ್ ಮಾತ್ರ, ವೋಲ್ಟೇಜು ಶೇ. 17ರಷ್ಟು ಕುಗ್ಗಿದರೆ ಶಾಖವು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಕುಗ್ಗುವುದು. (ಗದ್ದೆಯ ಪಂಪಿನ ಮೋಟಾರಿಗೆ ಈ ಲೆಕ್ಕವನ್ನು ಹಚ್ಚಬೇಡಿರಿ, ವೋಲ್ಟೇಜು ಇಳಿದಾಗ ಅದು ಅಧಿಕ ಪ್ರವಾಹವನ್ನೇ ಸೆಳೆದು ಸುಟ್ಟುಹೋಗುವ ಸಂಭವವುಂಟು.)

ಇನ್ನು ಗೀಸರು ಚಾಲೂ ಇರುವಾಗಲೇ, ಲೈಸೆನ್ಸುಳ್ಳ ಎಲೆಕ್ಟ್ರಿಷಿಯನ್ನರಿಂದ ಮೀಟರಿನ ಬಳಿಯೂ ವೋಲ್ಟೇಜನ್ನು ಅಳೆಯಿಸಿರಿ. ಅಲ್ಲಿಯೂ 190 ಇದ್ದರೆ ದೋಷವು ಸರಬರಾಜಿನದು, ಶೇ. 6ಕ್ಕಿಂತ ಹೆಚ್ಚು, ಎಂದರೆ 216ಕ್ಕಿಂತ ಕೆಳಗೆ, ಇಳಿಯಕೂಡದೆಂಬ ನಿಯಮವಿರುವುದರಿಂದ, ದಿನವೂ ಹೊತ್ತು ಮತ್ತು ವೋಲ್ಟೇಜುಗಳನ್ನು ಬರೆದಿಟ್ಟು, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಸ್ಥಳೀಯ ಕಚೇರಿಗೆ ಲಿಖಿತವಾಗಿಯೂ 1912ಕ್ಕೆ ಕರೆಮಾಡಿಯೂ ದೂರು ಸಲ್ಲಿಸಿರಿ. ಮೀಟರಿನ ಬಳಿ 225 ಇದ್ದು ಪ್ಲಗ್ಗಿನಲ್ಲಿ ಮಾತ್ರ 190 ಆದರೆ ವಿಷಯ ಗಂಭೀರ: ಕಳೆದುಹೋದ 35 ವೋಲ್ಟನ್ನು 7.2ರಿಂದ ಗುಣಿಸಿರಿ, 252 ವ್ಯಾಟಿನ ಶಾಖವು ಸಡಿಲವಾದ ಯಾವುದೋ ಜಾಯಿಂಟಿನಲ್ಲಿಯೋ ತೆಳುವಾದ ತಂತಿಯಲ್ಲಿಯೋ ಉತ್ಪನ್ನವಾಗುತ್ತಿದೆ, ಮತ್ತು ಅದು ಬೆಂಕಿಗೆ ಸಾಕು. ಅಂಥ ಪಕ್ಷದಲ್ಲಿ ತಂತಿಯು ದುರಸ್ತಾಗುವವರೆಗೆ ಗೀಸರಿನ ಸ್ವಿಚ್ಚನ್ನು ಮುಟ್ಟದಿರಿ.