ಕರಾವಳಿ ತೋಟದ ಬಾವಿ ಉಪ್ಪಾಗುವುದೇಕೆ?



ಘಟ್ಟದ ಕೆಳಗೆ ಕುಮಟಾ, ಹೊನ್ನಾವರದ ಕಡೆ ಅಡಿಕೆ ತೋಟ ಕೊಳ್ಳಬೇಕೆಂದಿರುವ ಇಬ್ಬರು ಸದಸ್ಯರು ಅಲ್ಲಿನ ಬಾವಿ ನೀರಿನ ವಿಚಾರ ಕೇಳಿದರು. ಅವರು ತೋಟ ನೋಡಿ ಬಂದದ್ದು ಕಾರ್ತಿಕ ಮಾಸದಲ್ಲಿ. ಬಾವಿ ತುಂಬಿತ್ತು, ನೀರು ಸಿಹಿಯಾಗಿತ್ತು ಎಂದರು. ಮಳೆಗಾಲ ಮುಗಿದ ಹೊಸದರಲ್ಲಿ ನೀರು ಸಿಹಿಯಿರುವುದೇನೂ ಹೆಚ್ಚಲ್ಲ. ನೋಡಬೇಕಾದದ್ದು ಏಪ್ರಿಲ್ ಕೊನೆಯಿಂದ ಮೊದಲ ಮಳೆಯವರೆಗೆ.

ಸಮುದ್ರದಂಚಿನ ಮರಳು ನೆಲದೊಳಗೆ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಿಹಿನೀರು ಸಾವಿರ ತೂಗಿದರೆ ಅಷ್ಟೇ ಅಳತೆಯ ಸಮುದ್ರದ ನೀರು 1025 ತೂಗುತ್ತದೆ. ಈ ಅಲ್ಪ ಅಂತರದಿಂದಾಗಿ, ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ. ಹಾಲೆಂಡಿನ ಗೈಬೆನ್ 19ನೆಯ ಶತಮಾನದ ಕೊನೆಯಲ್ಲಿಯೂ ಜರ್ಮನಿಯ ಹರ್ಜ್‌ಬರ್ಗ್ 1901ರಲ್ಲಿಯೂ ಬೇರೆ ಬೇರೆಯಾಗಿ ಕಂಡುಕೊಂಡ ಲೆಕ್ಕವಿದು. ಇದನ್ನು ತಿರುಗಿಸಿ ನೋಡಿರಿ. ಪಂಪು ಹಚ್ಚಿ ನೀರಿನ ಮಟ್ಟವನ್ನು ಒಂದು ಅಡಿ ಇಳಿಸಿ ಹಾಗೆಯೇ ಇಟ್ಟರೆ, ಕಾಲಕ್ರಮದಲ್ಲಿ ಉಪ್ಪು 40 ಅಡಿ ಮೇಲೇರಲು ಹೊರಡುತ್ತದೆ. ಸಮುದ್ರ ಮುಂದೆ ಬಂದಿತೆಂದು ಜನ ದೂರುತ್ತಾರೆ. ಅದನ್ನು ಕರೆದವರು ನಾವೇ. ನನ್ನ ನಂಟರೊಬ್ಬರು ನೀರು ಸಾಲದೆಂದು ಬಾವಿಯನ್ನು ಆಳ ಮಾಡಿಸಿ ದೊಡ್ಡ ಪಂಪು ಕೂಡಿಸಿದರು. ಎರಡನೆಯ ಬೇಸಿಗೆಗೆ ಅಡಿಕೆ ಸೋಗೆಯ ತುದಿ ಸುಟ್ಟಂತಾಯಿತು.

ಎಷ್ಟು ಉಪ್ಪು ಬೆರೆತರೆ ಕೆಡುಕು? ಐವತ್ತು ಕೊಡ ಸಿಹಿನೀರಿಗೆ ಒಂದೇ ಕೊಡ ಸಮುದ್ರದ ನೀರು ಸಾಕು. ಲೀಟರಿಗೆ ಸುಮಾರು 370 ಮಿಲಿಗ್ರಾಂ ಕ್ಲೋರೈಡ್ ಆಗುತ್ತದೆ. ಕುಡಿಯುವ ನೀರಿಗೆ ಅಪೇಕ್ಷಿತ ಮಿತಿ 250. ತೆಂಗು ಇದನ್ನು ತಾಳಿಕೊಳ್ಳುತ್ತದೆ, ಅಡಿಕೆ ತಾಳದು. ಆದ್ದರಿಂದ ದಂಡೆಯಲ್ಲಿ ತೆಂಗು ಸೊಗಸಾಗಿದೆಯೆಂದು ನಂಬಿ ಮುಂಗಡ ಕೊಡಬೇಡಿರಿ.

ಉಪ್ಪು ಬರುವ ಇನ್ನೊಂದು ದಾರಿ ಹೊಳೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ; ಬೇಸಿಗೆಯಲ್ಲಿ ಹರಿವು ಸಣ್ಣದಾಗಿ ಭರತದ ನೀರು ಒಳನಾಡಿಗೆ ನುಗ್ಗುತ್ತದೆ. ಅದರ ನೆರೆಯ ಶರಾವತಿಯದು ಬೇರೆಯೇ ಕಥೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ವಿದ್ಯುತ್ತಿಗಾಗಿ ಬಿಡುವ ನೀರು ಬೇಸಿಗೆಯಲ್ಲೂ ಹರಿದು ಅಳಿವೆಯ ಉಪ್ಪು ತಗ್ಗಿದೆ. (ಅದರಿಂದ ಅಲ್ಲಿನ ಮೀನು, ಚಿಪ್ಪಿನವರಿಗಾದ ನಷ್ಟ ಬೇರೆ ಮಾತು.) ತೋಟದ ಪಕ್ಕದಲ್ಲಿ ಗಜನಿ ಭೂಮಿಯಿದ್ದು ಕಗ್ಗ ಭತ್ತ ಬೆಳೆಯುತ್ತಿದ್ದರೆ, ಉಪ್ಪುನೀರು ಅಲ್ಲಿಯವರೆಗೆ ಬರುತ್ತದೆಂದು ತಿಳಿಯಿರಿ. ಕಿಂಡಿ ಅಣೆಕಟ್ಟು ಇದ್ದರೆ ಹಲಗೆಯನ್ನು ಯಾವಾಗ ಹಾಕುತ್ತಾರೆಂದು ವಿಚಾರಿಸಿರಿ. ಹರಿವು ಬತ್ತಿದ ಮೇಲೆ ಹಾಕಿದರೆ ಒಳಗೆ ನಿಲ್ಲುವುದು ಉಪ್ಪುನೀರೇ.

ಅಂಥ ನೆಲದಲ್ಲಿ ಆಳದ ಒಂದು ಬಾವಿಗಿಂತ ದೂರದೂರ ತೋಡಿದ ಎರಡು ಮೂರು ಆಳವಿಲ್ಲದ ಬಾವಿಗಳು ಮೇಲು. ಸಣ್ಣ ಪಂಪಿನಿಂದ ಸ್ವಲ್ಪ ಸ್ವಲ್ಪವೇ ಎತ್ತಬೇಕು. ಹನಿ ನೀರಾವರಿ ಇದಕ್ಕೆ ಒಗ್ಗುತ್ತದೆ.

ನಮ್ಮ ಬಂಕಾಪುರದ ಕೊಳವೆಬಾವಿಗಳ ಸವಳಿಗೂ ಸಮುದ್ರವೇ ಕಾರಣವೋ ಎಂದು ಒಬ್ಬರು ಕೇಳಿದರು. ಅಲ್ಲ. ನಾವು ಸಮುದ್ರಮಟ್ಟದಿಂದ 500 ಮೀಟರಿಗೂ ಮೇಲಿದ್ದೇವೆ. ಇಲ್ಲಿನದು ಕಲ್ಲು ಮಣ್ಣಿನಿಂದ ಕರಗಿ ಬಂದ ಲವಣ; ಅದಕ್ಕೆ ಮದ್ದೂ ಬೇರೆ. ಕೆಳಗೆ ತೋಟ ನೋಡುವವರು ಮೇ ತಿಂಗಳಲ್ಲಿ, ಪಂಪು ಎರಡು ತಾಸು ಓಡಿದ ಮೇಲೆ, ತೊಳೆದ ಬಾಟಲಿಯಲ್ಲಿ ನೀರು ಹಿಡಿದು ಪರೀಕ್ಷೆ ಮಾಡಿಸಿರಿ. ಖರೀದಿಪತ್ರದ ಮಾತು ಆಮೇಲೆ.

— ಕಾರ್ಯದರ್ಶಿ