ಕೊಚ್ಚಿ, ತಿರುವನಂತಪುರಗಳ ಹೂಬಳ್ಳಿ: ಛಾಯಾಗ್ರಾಹಕ ಪ್ರವಾಸಿಗೆ

ಕೇರಳದ ಹೂಬಳ್ಳಿಗಳನ್ನು ಕ್ಯಾಮೆರಾದಲ್ಲಿ ಹಿಡಿಯಲು ಹೊರಡುವವರು ಊರಿಗಿಂತ ಮೊದಲು ತಿಂಗಳನ್ನು ಗೊತ್ತುಮಾಡಿಕೊಳ್ಳಬೇಕು. ಕೊಚ್ಚಿಯ ಕಾಂಪೌಂಡ್ ಗೋಡೆಗಳ ಮೇಲಿನ ಬೋಗನ್‌ವಿಲ್ಲ ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಒಣ ದಿನಗಳಲ್ಲಿ ಮೈದುಂಬಿಕೊಂಡರೆ, ಮಲೆನಾಡಿಗರು ಗೌರಿ ಹೂವೆಂದೂ ಆಯುರ್ವೇದ ಬಲ್ಲವರು ಅಗ್ನಿಶಿಖೆಯೆಂದೂ ಮಲಯಾಳಿಗಳು ಮೇಂದೋನ್ನಿಯೆಂದೂ ಕರೆಯುವ ಬಳ್ಳಿಯು ಮಳೆ ಹಿಡಿದ ಮೇಲೆ ನೆಲದಡಿಯ ಗೆಡ್ಡೆಯಿಂದ ಚಿಗುರಿ, ಮಳೆಗಾಲದುದ್ದಕ್ಕೂ ಹೂಬಿಟ್ಟು, ಬೇಸಿಗೆಗೆ ಮುನ್ನ ಒಣಗಿ ಮರೆಯಾಗುತ್ತದೆ. ಕ್ರಿಸ್‌ಮಸ್ ರಜೆಯಲ್ಲಿ ಹೋದವರಿಗೆ ಅದು ಸಿಗುವುದಿಲ್ಲ. ಆಯ್ಕೆಗೆ ಅವಕಾಶವಿದ್ದರೆ ಓಣಂ ಆಸುಪಾಸಿನ ದಿನಗಳೇ ಮೇಲು.

ಫೋರ್ಟ್ ಕೊಚ್ಚಿಗೆ ಎರ್ನಾಕುಲಂನಿಂದ ದೋಣಿಯಲ್ಲಿ ಹೋಗುವುದು ಸುಲಭ. ಅಲ್ಲಿ ಎಲ್ಲರೂ ಚಿತ್ರ ತೆಗೆಯುವ ಬೋಗನ್‌ವಿಲ್ಲದ ಬಣ್ಣ ಹೂವಿನದಲ್ಲ, ಹೂವನ್ನು ಸುತ್ತುವರಿದ ಪುಷ್ಪಪತ್ರದ್ದು, ಅಂದರೆ ಬಣ್ಣ ತಳೆದ ಎಲೆಯದು. ನಿಜವಾದ ಹೂಗಳು ಅದರೊಳಗೆ ಸಣ್ಣ ಬಿಳಿ ಕೊಳವೆಗಳಂತೆ ಮೂರು ಮೂರಾಗಿ ಇರುತ್ತವೆ. ಬ್ರೆಜಿಲ್‌ನಲ್ಲಿ 1767ರಲ್ಲಿ ಫ್ರೆಂಚ್ ಸಸ್ಯವಿಜ್ಞಾನಿ ಕಾಮರ್ಸನ್ ಕಣ್ಣಿಗೆ ಬಿದ್ದ ಈ ಬಳ್ಳಿಗೆ ಅವರ ನೌಕಾಯಾನದ ನಾಯಕನ ಹೆಸರು ಬಂತು. ಆದ್ದರಿಂದ, ಕೊಚ್ಚಿಯ ಡಚ್ ಅಧಿಕಾರಿ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಸಸ್ಯಗಳ ಬಗ್ಗೆ ಮಾಡಿಸಿದ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ ‘ಹೊರ್ಟುಸ್ ಮಲಬಾರಿಕುಸ್’ ಗ್ರಂಥದಲ್ಲಿ ಇದು ಕಾಣಸಿಗುವುದಿಲ್ಲ. ಮೇಂದೋನ್ನಿಯಾದರೋ ಏಳನೆಯ ಸಂಪುಟದಲ್ಲಿ ಚಿತ್ರಸಮೇತವಾಗಿದೆ. ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರೊಡನೆ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಪಂಡಿತರೂ ಆ ಗ್ರಂಥಕ್ಕೆ ನೆರವಾದರೆಂಬುದು ಕರಾವಳಿಯ ಓದುಗರಿಗೆ ಹತ್ತಿರದ ಸಂಗತಿ.

ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೋಗುವ ರೈಲು ಎರಡೂ ಊರುಗಳನ್ನು ಹಾದುಹೋಗುತ್ತದೆ. ತಿರುವನಂತಪುರದಿಂದ ಸುಮಾರು 40 ಕಿ.ಮೀ. ದೂರದ ಪಾಲೋಡಿನಲ್ಲಿ 1979ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರು ಉಷ್ಣವಲಯ ಸಸ್ಯೋದ್ಯಾನವಿದ್ದು, ನೆಡುಮಂಗಾಡಿನ ಮೂಲಕ ಬಸ್ಸಿನಲ್ಲಿ ತಲುಪಬಹುದು. ಟ್ರೈಪಾಡ್ ಬಳಸಲು ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸುವುದು ಒಳಿತು. ಉದ್ಯಾನದೊಳಗಷ್ಟೇ ಹುಡುಕಬೇಕೆಂದಿಲ್ಲ, ಗೌರಿ ಹೂವು ಬೇಲಿ, ಕುರುಚಲು, ಕಾಡಂಚುಗಳ ಬಳ್ಳಿ.

ಅದರ ಎಲೆಯ ತುದಿಯೇ ಸುರುಳಿಗೊಂಡು ಪಕ್ಕದ ಕಡ್ಡಿಯನ್ನು ಹಿಡಿಯುತ್ತದೆ. ಹೀಗೆ ಆಸರೆ ಹಿಡಿಯುವ ಅಂಗಕ್ಕೆ ಕುಡಿಬಳ್ಳಿ ಎನ್ನುತ್ತಾರೆ, ಚಿತ್ರದಲ್ಲಿ ಅದು ಬಾರದಿದ್ದರೆ ಬಳ್ಳಿಯ ಚಿತ್ರವಾಗುವುದಿಲ್ಲ, ಬರಿಯ ಹೂವಿನ ಚಿತ್ರವಾಗುತ್ತದೆ. ಹೂವು ತಲೆಕೆಳಗಾಗಿ ಜೋತು, ಅಂಚು ನಿರಿಗೆಗಟ್ಟಿದ ಆರು ದಳಗಳನ್ನು ಹಿಂದಕ್ಕೆ, ಮೇಲಕ್ಕೆ ಬಾಗಿಸಿಕೊಂಡಿರುತ್ತದೆ. ಶಲಾಕೆ, ಅಂದರೆ ಅಂಡಾಶಯದಿಂದ ಹೊರಡುವ ಕಡ್ಡಿ, ಬುಡದಲ್ಲೇ ಒಂದು ಬದಿಗೆ ತಿರುಗಿ ಚಾಚಿಕೊಂಡಿರುತ್ತದೆ. ಹಸಿರುಹಳದಿಯಾಗಿ ಅರಳಿದ ಹೂವು ದಿನಕಳೆದಂತೆ ಕೆಂಪೇರುವುದರಿಂದ ಒಂದೇ ಬಳ್ಳಿಯಲ್ಲಿ ಎಲ್ಲ ಹಂತಗಳೂ ಸಿಗುತ್ತವೆ. ಮೇಲಿನಿಂದ ನೋಡಿ ತೆಗೆದರೆ ಈ ರಚನೆ ಕಾಣದು, ಮಂಡಿಯೂರಿ ಹೂವಿನ ಮಟ್ಟಕ್ಕೇ ಇಳಿಯಬೇಕು. ಕೆಂಪು ಬಣ್ಣ ಬೇಗ ಮಿತಿಮೀರಿ ದಳದ ಗೆರೆಗಳು ಅಳಿಸಿಹೋಗುವ ಕಾರಣ, ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಒದಗುವ ಬೆಳಕಿನ ಪ್ರಮಾಣವನ್ನು, ಅರ್ಧ ಸ್ಟಾಪಿನಷ್ಟಾದರೂ ಇಳಿಸಿಕೊಳ್ಳಬೇಕು. ಮೋಡ ಕವಿದ ಬೆಳಗು ಇದಕ್ಕೆ ಅತ್ಯುತ್ತಮ. ಎಸಿ ಕೋಣೆಯಿಂದ ಹೊರತಂದ ಲೆನ್ಸಿನ ಮೇಲೆ ಹೊರಗಿನ ತೇವ ಮಂಜುಗಟ್ಟುವುದರಿಂದ ಕ್ಯಾಮೆರಾವನ್ನು ಅರ್ಧ ಗಂಟೆ ಚೀಲದೊಳಗೇ ಬಿಡುವುದು ಕ್ಷೇಮ.

ಈ ಬಳ್ಳಿಯ ಎಲ್ಲ ಭಾಗಗಳಲ್ಲೂ, ಗೆಡ್ಡೆ ಮತ್ತು ಬೀಜಗಳಲ್ಲಿ ಹೆಚ್ಚಾಗಿ, ಕಾಲ್ಚಿಸಿನ್ ಎಂಬ ವಿಷವಿದೆ. ಚಿತ್ರಕ್ಕಾಗಿ ಹೂವನ್ನು ಕೀಳಬಾರದು, ಮಕ್ಕಳ ಕೈಗೆ ಕೊಡಬಾರದು. ಮುಟ್ಟಿದವರು ಊಟಕ್ಕೆ ಕೂರುವ ಮೊದಲು ಸೋಪು ಹಚ್ಚಿ ಕೈ ತೊಳೆದುಕೊಳ್ಳಬೇಕು.